ಖಾರದ ಕೈ ಅಂದವರು

ಮೊನ್ನೆ ವರ್ಷದ ಖಾರ ಕುಟ್ಟಿಸಬೇಕೆಂದು ಮೆಣಸಿನಕಾಯಿ ತೊಟ್ಟು ಮುರಿದು ಏಳುವಷ್ಟರಲ್ಲಿ ನನ್ನ ಎರಡೂ ಕೈ ಧಗಧಗ ಉರಿಯುತ್ತಿದ್ದವು. ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಅಷ್ಟಿಲ್ಲ ಎಂದು ಹೊರಗಿನವರು ಹೇಳುತ್ತಾರೆ. ಹೇಳುವವರು ಒಂದು ಚೀಲ ತೊಟ್ಟು ಮುರಿದು, ಆಮೇಲೆ ಅದೇ ಕೈಯಿಂದ ಕಣ್ಣು ಉಜ್ಜಿಕೊಂಡು ನೋಡಲಿ. ಸೊಸೆ ಬೋಗುಣಿಯಲ್ಲಿ ಹುಳಿ ಮಜ್ಜಿಗೆ ತಂದಿಟ್ಟಳು, ಕೈ ಅದ್ದಿದೆ. ಮೆಣಸಿನಕಾಯಿ ಘಾಟಿಗೆ ಹುಳಿ ಮಜ್ಜಿಗೆಯ ವಾಸನೆ ಕೂಡಿಕೊಂಡು ಮೂಗಿಗೆ ಬಡಿಯಿತು ನೋಡಿ... ಪಕ್ಕದ ಮನೆಯ ಪಡಸಾಲೆಯಲ್ಲಿ ಇಂಥದೇ ಬೋಗುಣಿ ಮುಂದಿಟ್ಟುಕೊಂಡು, ಮೊಣಕೈವರೆಗೆ ಕೈ ಅದ್ದಿ ತಲೆ ತಗ್ಗಿಸಿ ಕೂತ ವೈನಿ ಕಣ್ಣ ಮುಂದೆ ಬಂದಳು.

ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಸೊಸೆ ಕೈ ಉರಿಗೆ ಬಂತೆಂದು ತಿಳಿದು ಇನ್ನಷ್ಟು ಮಜ್ಜಿಗೆ ಹೊಯ್ದಳು. ಆಕೆಗೇನು ಗೊತ್ತು! ಇಷ್ಟು ವರ್ಷವಾದರೂ ಆ ಸಂಗತಿ ನೆನಪಾದರೆ ನನಗೆ ಅಳುವಿಗಿಂತ ಮೊದಲು ಸಿಟ್ಟು ಬರುತ್ತದೆ. ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ತಿಳಿಯದೆ ಅವತ್ತು ಪೂರ್ತಿ ಮನೆಯವರ ಮೇಲೆಲ್ಲ ಹರಿಹಾಯ್ದೆ.

ವೈನಿ ಎಂದರೆ ಆಕೆ ನನ್ನ ಅಣ್ಣನ ಹೆಂಡತಿಯೇನಲ್ಲ. ಐರಣಿಯಿಂದ ಮದುವೆಯಾಗಿ ನಮ್ಮ ಪಕ್ಕದ ಮನೆಗೆ ಬಂದವಳು. ಮೈದುನಂದಿರು ವೈನಿ, ವೈನಿ ಎಂದು ಕರೆದರು. ಅವರ ಬಾಯಿಂದ ಅದು ಓಣಿಗೆ ಬಂತು, ಓಣಿಯಿಂದ ನನ್ನ ಬಾಯಿಗೂ ಬಂತು. ಮೈದುನಂದಿರು ಮದುವೆಯಾಗಿ ಬೇರೆ ಊರು ಸೇರಿದ ಮೇಲೂ ಓಣಿಗೆಲ್ಲ ಆಕೆ ವೈನಿಯೇ ಆಗಿ ಉಳಿದಳು. ಹೊಳೆದಂಡೆಯ ಊರಿನ ಹುಡುಗಿ. ಸಣ್ಣ ದನಿ, ನಗು ಬಂದರೆ ಬಾಯಿಗೆ ಸೆರಗು. ನಾನೋ ಮನೆಯಲ್ಲೇ ಮಷೀನು ಇಟ್ಟುಕೊಂಡು ಜಂಪರು ಹೊಲಿಯುವವಳು; ಅಳತೆ ಕೊಟ್ಟು ಆಮೇಲೆ ದಪ್ಪಗಾಗಿ ಬಂದು ಹೊಲಿಗೆ ಸರಿಯಿಲ್ಲ ಎನ್ನುವ ಗಿರಾಕಿಗಳ ಜೊತೆ ದಿನಾ ಬಡಿದಾಡಿ ನನ್ನ ಬಾಯಿ ಕತ್ತರಿಯಂತಾಗಿತ್ತು. ವೈನಿ ಅದನ್ನು ಕೇಳಿ ನಗುತ್ತಿದ್ದಳು. ನಿಮ್ಮ ಬಾಯಿಯಲ್ಲಿ ಒಂದು ಚೂರು ನನಗೂ ಕೊಡಿ ಅಕ್ಕಾರ ಎನ್ನುತ್ತಿದ್ದಳು. ಕೊಡಲು ಬರುವಂಥದ್ದಾಗಿದ್ದರೆ ಆ ಸಂಗತಿ ನಡೆದ ವರ್ಷ ಇಡೀ ಬಾಯನ್ನೇ ಕಿತ್ತು ಕೊಟ್ಟುಬಿಡುತ್ತಿದ್ದೆ.

ಆಕೆಯ ಗಂಡ ಮಾರ್ಕೆಟ್ಟಿನಲ್ಲಿ ತೂಕದ ಕೆಲಸಕ್ಕಿದ್ದ. ಒಳ್ಳೆಯವನೇ. ಆದರೆ ತಾಯಿಯ ಮುಂದೆ ನಿಂತರೆ ಅವನ ನಾಲಿಗೆ ಎಲ್ಲಿ ಹೋಗುತ್ತಿತ್ತೋ ದೇವರೇ ಬಲ್ಲ. ಮನೆಗೆ ಅಂಗಡಿಯವರಿಂದ ಮೆಣಸಿನಕಾಯಿ ಚೀಲ ಬರುತ್ತಿದ್ದವು, ತೊಟ್ಟು ಮುರಿದು ಕೊಡಬೇಕು. ನಮ್ಮೂರಿನಲ್ಲಿ ಇದು ಅರ್ಧ ಓಣಿಯ ಹೆಂಗಸರ ಕೆಲಸ. ಆ ಮನೆಯಲ್ಲಿ ಅದು ವೈನಿ ಒಬ್ಬಳ ಕೆಲಸ. ಅತ್ತೆಗೆ ಸೊಂಟ ನೋವು, ಕೆಳಗೆ ಕೂರಲು ಆಗುವುದಿಲ್ಲ ಎಂದು ಹೇಳಿಬಿಟ್ಟಿದ್ದರು. ಮುಂದೆ ಕೂಸು ಹುಟ್ಟಿದ ಮೇಲೆ ಅದಕ್ಕೆ ಎರೆಯುವಾಗ ಮಾತ್ರ ಆ ಸೊಂಟ ಬಚ್ಚಲಿನಲ್ಲಿ ಚೆನ್ನಾಗಿಯೇ ಬಗ್ಗುತ್ತಿತ್ತು.

ಕೂಸು ಹುಟ್ಟಿದ್ದು ಮದುವೆಯಾಗಿ ಎಷ್ಟೋ ವರ್ಷದ ಮೇಲೆ. ಹರಕೆ ಹೊತ್ತು, ದವಾಖಾನೆ ಸುತ್ತಿ, ಜನರ ಬಾಯಿಗೆ ಬಿದ್ದು ಸಾಕಾದ ಮೇಲೆ ಒಂದು ಹೆಣ್ಣು ಕೂಸು. ಐರಣಿಯ ಬಾಣಂತನ ಮುಗಿಸಿ ತೊಟ್ಟಿಲು ಹೊತ್ತು ಬಂದಾಗ ವೈನಿಯ ಮುಖ ನೋಡಬೇಕಿತ್ತು. ಆಕೆಯ ತಾಯಿ ತಮ್ಮ ಹಳೆಯ ಸೀರೆಗಳನ್ನೆಲ್ಲ ಸೇರಿಸಿ ಸಣ್ಣದೊಂದು ಕೌದಿ ಹೊಲಿದು ಕೊಟ್ಟಿದ್ದರು. ಹೊಲಿಗೆಯವಳು ನಾನು, ಅದರ ಒಂದೊಂದು ಟಾಕು ನೋಡಿ ಹೊಗಳಿದ್ದೆ. ಬಂದ ಹೊಸದರಲ್ಲೇ ವೈನಿ ನನ್ನ ಹತ್ತಿರ ಎರಡು ಜಂಪರು ಹೊಲಿಸಿದಳು. ಎದೆಯ ಹತ್ತಿರ ಬಟ್ಟೆ ಎರಡು ಪದರ ಹಾಕಿರಿ, ಹಾಲು ಭಾಳ ಸೋರುತ್ತದೆ ಎಂದು ನಾಚಿಕೊಂಡು ಹೇಳಿದ್ದಳು. ಹಾಕಿಕೊಟ್ಟೆ.

ನಮ್ಮ ಕಡೆ ಕೂಸಿಗೆ ಎರೆಯುವುದು ಸಣ್ಣ ಕೆಲಸವಲ್ಲ. ಕಾಲು ಚಾಚಿ ಕೂತು, ಕಾಲುಗಳ ಮೇಲೆ ಕೂಸನ್ನು ಬೋರಲು ಹಾಕಿಕೊಂಡು, ಬೆನ್ನಿಗೆ ಎಣ್ಣೆ ಹೊಯ್ದು ಗಸಗಸ ತಿಕ್ಕಿ, ಕೈಕಾಲು ಜಗ್ಗಿ, ಆಮೇಲೆ ಹೊಗೆಯಾಡುವ ನೀರು ಹೊಯ್ಯಬೇಕು. ಕೂಸು ಅತ್ತಷ್ಟೂ ಗಟ್ಟಿಯಾಗುತ್ತದೆ ಎಂದು ನಂಬಿಕೆ. ವೈನಿಯ ಅತ್ತೆ ಇದರಲ್ಲಿ ಓಣಿಗೇ ಹೆಸರಾದವರು. ಮೊಮ್ಮಗಳೆಂದ ಮೇಲೆ ಕೇಳಬೇಕೆ! ದಿನಾ ಬೆಳಗ್ಗೆ ಗೋಡೆಯಾಚೆ ಆ ಕೂಸಿನ ಚೀರಾಟ ಕೇಳಿಯೇ ನಾನು ಮಷೀನಿಗೆ ಕೂರುತ್ತಿದ್ದೆ.

ಕೂಸಿಗೆ ಮೂರು ತಿಂಗಳಾಗುವ ಹೊತ್ತಿಗೆ ಬೆನ್ನಿನ ಮೇಲೆ, ಎಡ ಹೆಗಲಿನ ಕೆಳಗೆ ಒಂದು ಕಲೆ ಕಾಣಿಸಿತು. ಹುಣಸೆ ಬೀಜದಷ್ಟು ದೊಡ್ಡದು, ಬೆಲ್ಲದ ಬಣ್ಣ, ಮುಟ್ಟಿದರೆ ಸ್ವಲ್ಪ ದಪ್ಪ. ಮಚ್ಚೆ ಇರಬೇಕು, ಅದೃಷ್ಟ ಎಂದರು. ಹಾಗೆಂದ ಕೆಲವೇ ದಿನಕ್ಕೆ ಅದೃಷ್ಟ ಕೆಂಪಗಾಗಿ ಉಬ್ಬಿತು. ಮೇಲೆ ನೀರು ತುಂಬಿದ ಗುಳ್ಳೆ ಎದ್ದಿತು. ಎರಡು ದಿನಕ್ಕೆ ಇಳಿಯಿತು, ಮತ್ತೆ ಎದ್ದಿತು. ಕೂಸು ಕಿರಿಕಿರಿಯಿಂದ ಒದ್ದಾಡುತ್ತಿತ್ತು.

ಕಾರಣ ಹುಡುಕಲು ಅತ್ತೆಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಖಾರದ ಕೈಲೆ ಕೂಸಿನ್ನ ಮುಟ್ಟೀದಿ. ಮತ್ತೇನಾಕ್ಕೈತಿ?"

ಅಷ್ಟೇ. ತೀರ್ಪು ಆಗಿಹೋಯಿತು. ಓಣಿಯವರೂ ಹೌದೆಂದರು. ಯಾಕೆ ಅನ್ನುವುದಿಲ್ಲ? ಬ್ಯಾಡಗಿಯಲ್ಲಿ ಮೈ ಉರಿದರೆ, ಕಣ್ಣು ಕೆಂಪಾದರೆ, ಕೂಸು ಸುಮ್ಮನೆ ಅತ್ತರೂ ಮೆಣಸಿನಕಾಯಿಯೇ ಕಾರಣ. ನಮಗೆಲ್ಲ ಆ ಉರಿ ಎಷ್ಟು ಪರಿಚಯ ಎಂದರೆ ಬೇರೆ ಏನಾದರೂ ಇರಬಹುದು ಎಂಬ ವಿಚಾರವೇ ತಲೆಗೆ ಬರುವುದಿಲ್ಲ. ಒಬ್ಬಳು ತನ್ನ ತಂಗಿಯ ಕೂಸಿನ ಕೆನ್ನೆ ಹೀಗೇ ಸುಟ್ಟಿತ್ತು ಎಂದಳು. ಇನ್ನೊಬ್ಬಳು ಖಾರ ಉಗುರಿನ ಸಂದಿಯಲ್ಲಿ ವಾರಗಟ್ಟಲೆ ಇರುತ್ತದೆ ಎಂದಳು. ತಾವೂ ಅದೇ ಕೈಯಿಂದ ತಮ್ಮ ಮಕ್ಕಳನ್ನು ಬೆಳೆಸಿದವರು, ಅವರ ಮಕ್ಕಳ ಬೆನ್ನು ಚೆನ್ನಾಗಿಯೇ ಇತ್ತು. ಆ ಮಾತು ಮಾತ್ರ ಒಬ್ಬರ ಬಾಯಿಂದಲೂ ಬರಲಿಲ್ಲ.

ವೈನಿ ಕೈ ತೊಳೆಯತೊಡಗಿದಳು. ಸಾಬೂನಿನಿಂದ ತೊಳೆದು, ಕೊಬ್ಬರಿ ಎಣ್ಣೆ ಹಚ್ಚಿ, ಕಡಲೆ ಹಿಟ್ಟಿನಿಂದ ಉಜ್ಜಿ, ಕೊನೆಗೆ ಆ ಹುಳಿ ಮಜ್ಜಿಗೆಯ ಬೋಗುಣಿ. ಕೈಯ ಚರ್ಮ ಬಿರಿದು ಸಂದಿಸಂದಿಯಲ್ಲಿ ರಕ್ತ ಬರುತ್ತಿತ್ತು. ಬಿರಿದ ಕೈಯಲ್ಲೇ ಮತ್ತೆ ಮೆಣಸಿನಕಾಯಿ ರಾಶಿಗೆ ಕೂರಬೇಕು! ನನಗೆ ತಲೆ ಕೆಟ್ಟದ್ದು ಅಲ್ಲಿ. ಖಾರದಿಂದ ಕೂಸಿಗೆ ತ್ರಾಸು ಎಂದು ಅಷ್ಟು ಖಾತ್ರಿ ಇದ್ದರೆ ಚೀಲ ಬರುವುದನ್ನು ನಿಲ್ಲಿಸಬೇಕಿತ್ತಲ್ಲ? ಅದು ನಿಲ್ಲಲಿಲ್ಲ. ತಾಯಿಯನ್ನು ಮೆಣಸಿನಕಾಯಿಯಿಂದ ದೂರ ಇಡಲಿಲ್ಲ, ಕೂಸಿನಿಂದ ದೂರ ಇಟ್ಟರು. ರಾಶಿಯ ಮುಂದೆ ಕೂರಿಸಿದವರೂ ಅವರೇ, ಖಾರದ ಕೈ ಅಂದವರೂ ಅವರೇ.

ಮೊದಲು ಎತ್ತಿಕೊಳ್ಳಬೇಡ ಎಂದರು. ಆಮೇಲೆ ಹಾಲು ಕುಡಿಸುವಾಗ ಮೈಗೆ ಮೈ ತಾಗುತ್ತದೆ ಎಂದು ಅದನ್ನೂ ಬಿಡಿಸಿ ಬಾಟಲಿ ತಂದರು. ವೈನಿ ಪಡಸಾಲೆಯಲ್ಲಿ ತೊಟ್ಟು ಮುರಿಯುತ್ತಿದ್ದಳು, ಒಳಗೆ ಕೂಸು ಹಸಿದು ಅಳುತ್ತಿತ್ತು, ಅಳು ಕೇಳಿದೊಡನೆ ಈಕೆಯ ಜಂಪರು ಒದ್ದೆಯಾಗುತ್ತಿತ್ತು. ಕಣ್ಣಾರೆ ನೋಡಿದ್ದೇನೆ. ಕೆಲವು ವಾರ ಕಳೆದ ಮೇಲೆ ಇನ್ನೊಂದು ಜಂಪರಿನ ಬಟ್ಟೆ ತಂದಳು. ಎರಡು ಪದರ ಹಾಕಲೇನು ಎಂದು ಕೇಳಿದೆ. ಬೇಡ, ಒಂದೇ ಸಾಕು ಎಂದಳು. ನಾನು ಕತ್ತರಿ ಕೆಳಗಿಟ್ಟು ಆ ಮನೆಗೆ ನುಗ್ಗಿ ಅತ್ತೆಯ ಜೊತೆ ಜಗಳ ತೆಗೆದೆ. ನಮ್ಮ ಮನಿ ವಿಷಯ ನಿಮಗ್ಯಾಕ ಎಂದರು. ಗಂಡನೆಂಬ ಪುಣ್ಯಾತ್ಮ ಅಂಗಿ ತೊಟ್ಟುಕೊಂಡು ಹೊರಗೆ ಹೋದ.

ಡಾಕ್ಟರಿಗೆ ತೋರಿಸಲಿಲ್ಲವೇ ಎಂದರೆ, ತೋರಿಸಿದರು. ನಮ್ಮೂರಿನ ಒಬ್ಬ ಡಾಕ್ಟರು ಮುಲಾಮು ಕೊಟ್ಟು, ಕೂಸಿನ ಹತ್ತಿರ ಖಾರ ಒಯ್ಯಬೇಡಿ ಎಂದು ವೈನಿಗೆ ಬುದ್ಧಿ ಹೇಳಿ ಕಳಿಸಿದರು. ಹಾವೇರಿಯ ಒಂದು ದವಾಖಾನೆಗೆ ಹೋದಾಗ ನಾನೂ ಜೊತೆಗಿದ್ದೆ. ಅಲ್ಲಿನ ಡಾಕ್ಟರು ಯಾವ ಊರು ಎಂದು ಕೇಳಿದರು. ಬ್ಯಾಡಗಿ ಎಂದೆವು. ಏನು ಕೆಲಸ ಎಂದರು. ತೊಟ್ಟು ಮುರಿಯುವುದು ಎಂದಳು ವೈನಿ. ಹಾಂ, ಸರಿ ಬಿಡಿ ಎಂದು ಬರೆಯಲು ಶುರು ಮಾಡಿದರು. ಕೂಸಿನ ಅಂಗಿ ಎತ್ತಿ ದೂರದಿಂದಲೇ ನೋಡಿದರು. ಬೆರಳು ತಾಗಿಸಲಿಲ್ಲ. ವೈನಿಯ ಬಿರಿದ ಕೈಗಳನ್ನು ಮಾತ್ರ ಮುಂದೆ ಚಾಚಿಸಿ ಚೆನ್ನಾಗಿ ನೋಡಿದರು! ರೋಗ ಕೂಸಿನ ಬೆನ್ನಿನಲ್ಲಿ, ತಪಾಸಣೆ ತಾಯಿಯ ಕೈಗೆ. ಇಷ್ಟು ಓದಿದವರಿಗೆ ಏನನ್ನಬೇಕು? ನಾನು ಬಾಯಿ ತೆಗೆದಿದ್ದೆ. ಅಷ್ಟರಲ್ಲಿ ಮುಂದಿನ ನಂಬರಿನವರು ಒಳಗೆ ಬಂದರು.

ವಾಪಸು ಬರುವಾಗ ಬಸ್ಸಿನಲ್ಲಿ ವೈನಿ ಮೆಲ್ಲಗೆ ಒಂದು ಮಾತು ಹೇಳಿದಳು. "ಅಕ್ಕಾರ, ನನ್ನ ಕೈಯಾಗಿನ ಖಾರ ಆದ್ರ ಕೂಸಿನ ಮೈ ತುಂಬ ಏಳಬೇಕಲ್ರಿ. ಅದ ಒಂದ ಜಾಗಾದಾಗ ಯಾಕ ಏಳತೈತಿ?" ಕೇಳಬೇಕಾದ ಪ್ರಶ್ನೆ ಅದೇ. ಆ ಮಾತನ್ನು ಆಕೆ ಮನೆಯಲ್ಲೂ ಹೇಳಿದಳಂತೆ. ತಪ್ಪು ಮಾಡಿದವರು ಹೀಗೇ ನೆಪ ಹುಡುಕುತ್ತಾರೆ ಎಂಬ ಉತ್ತರ ಬಂತು.

ಆಮೇಲೆ ಐರಣಿಯಲ್ಲಿ ವೈನಿಯ ತಂದೆಗೆ ಜಡ್ಡಾಯಿತು. ಕೂಸನ್ನು ಇಲ್ಲೇ ಬಿಟ್ಟು ಹೋಗು ಎಂದರು. ಹೋದಳು. ಒಂದು ವಾರ ಕೂಸಿನ ಮೈಗೆ ಆಕೆಯ ನೆರಳೂ ಬಿದ್ದಿರಲಿಲ್ಲ. ಅದೇ ವಾರದಲ್ಲಿ ಒಂದು ಬೆಳಗ್ಗೆ ಗೋಡೆಯಾಚೆ ಚೀರಾಟ ಎಂದಿನಂತೆ ನಿಲ್ಲಲಿಲ್ಲ. ಓಡಿಹೋದೆ. ಎರೆದು ತಂದ ಕೂಸು ಅತ್ತೆಯ ತೊಡೆಯ ಮೇಲಿತ್ತು. ಕಲೆಯ ಮೇಲೆ ದೊಡ್ಡ ಗುಳ್ಳೆ, ಮುಖ ಎದೆ ಎಲ್ಲ ಕುಂಕುಮ ಬಳಿದಂತೆ ಕೆಂಪು. ಸ್ವಲ್ಪ ಹೊತ್ತಿಗೆ ಕೆಂಪು ಇಳಿಯಿತು, ಕೂಸು ಸುಸ್ತಾಗಿ ಮಲಗಿತು. ಆಗ ನಾನು, ಈಗೇನಂತೀರಿ, ಆಕೆ ಊರಲ್ಲೇ ಇಲ್ಲವಲ್ಲ ಎಂದು ಕೇಳಿದೆ. ಆ ಮುದುಕಿ ಒಂದು ಗಳಿಗೆಯೂ ತಡೆಯಲಿಲ್ಲ. ತೊಟ್ಟಿಲಿನ ಕೌದಿ ತೋರಿಸಿದರು. ಆಕೆಯ ತವರಿನದು, ಆಕೆಯೇ ಮಡಿಚಿದ್ದು, ಅದರಲ್ಲಿ ಆಕೆಯ ಕೈಯ ಖಾರ ಕೂತಿದೆ ಎಂದರು. ಅವತ್ತೇ ಆ ಕೌದಿಯನ್ನು ಹಿತ್ತಲಿನಲ್ಲಿ ಸುಟ್ಟರು. ಸುಡುವಾಗ ಖಾರದ ಘಾಟು ಬರಲಿಲ್ಲ, ಬರೀ ಹಳೆಯ ಬಟ್ಟೆಯ ವಾಸನೆ ಬಂತು. ಅದನ್ನೂ ಬಾಯಿಬಿಟ್ಟು ಹೇಳಿದೆ. ಯಾರು ಕೇಳುತ್ತಾರೆ?

ಕುಪ್ಪೇಲೂರು ತವರಾದ ನನ್ನ ಗಿರಾಕಿಯೊಬ್ಬಳು ರಾಣೆಬೆನ್ನೂರಿನಲ್ಲಿ ಚರ್ಮದ ಡಾಕ್ಟರೊಬ್ಬರಿದ್ದಾರೆ, ಹೆಂಗಸು, ಮುಟ್ಟಿ ನೋಡುತ್ತಾರೆ ಎಂದಿದ್ದಳು. ವೈನಿ ಐರಣಿಯಿಂದ ತಿರುಗಿ ಬಂದೊಡನೆ, ಮುಟ್ಟಿ ನೋಡುತ್ತಾರೆ ಎಂಬ ಒಂದೇ ಮಾತಿಗೆ ನಾನು ಪಟ್ಟು ಹಿಡಿದೆ. ಓಣಿಯ ಮಧ್ಯೆ ನಿಂತು ಕೂಗಾಡಿದೆ. ಮರ್ಯಾದೆಗೆ ಅಂಜಿ ಒಪ್ಪಿದರು. ಆದರೆ ಕೂಸು ತಮ್ಮ ತೊಡೆಯ ಮೇಲೆಯೇ ಇರಬೇಕೆಂದು ಅತ್ತೆಯೂ ಹೊರಟರು. ಬಸ್ಸಿನಲ್ಲಿ ವೈನಿ ಕಿಟಕಿಯ ಕಡೆ ಕೂತು ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಕೂಸಿನ ಕಾಲು ಒಮ್ಮೆ ಆಕೆಯ ಮೊಣಕೈಗೆ ತಾಗಿತು. ಆಕೆಯೇ ಸರಿದು ಕೂತಳು...

ಡಾಕ್ಟರು ಐವತ್ತು ದಾಟಿದವರು. ಊರು ಕೇಳಲಿಲ್ಲ, ಕೆಲಸ ಕೇಳಲಿಲ್ಲ. ಕೂಸಿನ ಅಂಗಿ ಬಿಚ್ಚಿಸಿ ಕಲೆಯನ್ನು ಬೆರಳ ತುದಿಯಿಂದ ಮುಟ್ಟಿ, ಸುತ್ತಲಿನ ಚರ್ಮ ಮುಟ್ಟಿ, ಯಾವಾಗ ಉಬ್ಬುತ್ತದೆ ಎಂದು ಕೇಳಿದರು. ಅತ್ತೆ ಖಾರದ ಕೈಯ ಕಥೆ ಶುರು ಮಾಡಿದರು. ಪೂರ್ತಿ ಕೇಳಿಸಿಕೊಂಡು, ಕೂಸಿಗೆ ಎಣ್ಣೆ ಹಚ್ಚಿ ಎರೆಯುವವರು ಯಾರು ಎಂದರು. ನಾನೇ, ಓಣಿಯ ಎಷ್ಟೋ ಕೂಸುಗಳಿಗೆ ಎರೆದವಳು ಎಂದು ಅತ್ತೆ ಎದೆಯುಬ್ಬಿಸಿ ಹೇಳಿದರು. ಹಾಗಾದರೆ ಆ ಮೂಲೆಯಲ್ಲಿ ಸಾಬೂನು ಹಚ್ಚಿ ಕೈ ತೊಳೆದುಕೊಂಡು ಬನ್ನಿ ಎಂದರು ಡಾಕ್ಟರು.

ತೊಳೆದುಕೊಂಡು ಬಂದರು. ಕಲೆಯ ಮೇಲೆ ನಿಮ್ಮ ಬೆರಳಿನಿಂದಲೇ ಮೆಲ್ಲಗೆ ನಾಲ್ಕು ಸಲ ತಿಕ್ಕಿರಿ ಎಂದರು. ತಿಕ್ಕಿದರು. ಈಗ ಬಲ ಹೆಗಲಿನ ಕೆಳಗೂ ಹಾಗೇ ತಿಕ್ಕಿರಿ ಎಂದರು. ಅಲ್ಲೂ ತಿಕ್ಕಿದರು. ಸುಮ್ಮನೆ ಕಾಯೋಣ ಎಂದು ಡಾಕ್ಟರು ಕುರ್ಚಿಗೆ ಒರಗಿದರು. ನೋಡುನೋಡುತ್ತಿದ್ದಂತೆ ಕಲೆ ಕೆಂಪೇರಿತು, ಸುತ್ತಲೂ ಊದಿತು, ಹುಣಸೆ ಬೀಜದಷ್ಟಿದ್ದದ್ದು ಅಡಿಕೆಯಷ್ಟಾಗಿ ಎದ್ದು ನಿಂತಿತು. ಬಲಗಡೆ ಏನೂ ಇಲ್ಲ, ನುಣುಪಾಗಿಯೇ ಇತ್ತು.

"ನಿಮ್ಮ ಕೈಯಾಗ ಖಾರ ಇತ್ತೇನ್ರಿ?" ಎಂದು ಡಾಕ್ಟರು ಕೇಳಿದರು.

ಅತ್ತೆ ತಮ್ಮ ಬೆರಳನ್ನೇ ನೋಡಿಕೊಂಡರು. ಇಲ್ಲ ಎಂದರು. ಆ ಇಲ್ಲ ಎಂಬ ಮಾತು ಕೇಳಲು ನಾನು ಎಷ್ಟು ತಿಂಗಳು ಕಾದಿದ್ದೆ!

ಡಾಕ್ಟರು ನಮಗೆ ತಿಳಿಯುವಂತೆ ಹೇಳಿದರು. ಮೈಗೆ ಏನಾದರೂ ತಾಗಿದಾಗ ಚರ್ಮ ಊದುವಂತೆ, ತುರಿಸುವಂತೆ ಮಾಡುವ ಒಂದು ಬಗೆಯ ಕಣಗಳು ಎಲ್ಲರ ಮೈಯಲ್ಲೂ ಇರುತ್ತವೆ. ಈ ಕೂಸಿಗೆ ಅವು ಒಂದೇ ಜಾಗದಲ್ಲಿ ಗುಂಪಾಗಿ ಸೇರಿವೆ. ತಿಕ್ಕಿದರೆ, ಬಿಸಿ ನೀರು ಬಿದ್ದರೆ ಕೆರಳಿ ಗುಳ್ಳೆ ಎಬ್ಬಿಸುತ್ತವೆ, ಜೋರಾಗಿ ತಿಕ್ಕಿದರೆ ಮೈಯೆಲ್ಲ ಕೆಂಪಾಗುತ್ತದೆ. ಮ್ಯಾಸ್ಟೊಸೈಟೋಮಾ ಎಂಬ ಹೆಸರು ಹೇಳಿದರು. ಅವರು ಬರೆದುಕೊಟ್ಟ ಚೀಟಿ ನೋಡಿ ನೋಡಿ ಬಾಯಿಪಾಠ ಮಾಡಿಕೊಂಡೆ. ತೀರಾ ಅಪರೂಪವೇನಲ್ಲ, ಆದರೆ ಗೊತ್ತಿಲ್ಲದವರು ಸುಟ್ಟ ಗಾಯವೆಂದು ತಪ್ಪು ತಿಳಿಯುತ್ತಾರೆ ಎಂದರು. ತಿಕ್ಕಬಾರದು, ಉಗುರು ಬೆಚ್ಚಗಿನ ನೀರು ಸಾಕು, ನೋವಿನ ಔಷಧಿ ಯಾವುದನ್ನೂ ಕೇಳದೆ ಕೊಡಬಾರದು, ಬೆಳೆಯುತ್ತಾ ತಾನೇ ಹೋಗುತ್ತದೆ. ಆಮೇಲೆ ವೈನಿಯ ಕಡೆ ತಿರುಗಿ, ಇದು ಯಾರ ಕೈಯಿಂದಲೂ ಬಂದದ್ದಲ್ಲ, ಇಷ್ಟು ದಿನ ಕೂಸನ್ನು ನಿನ್ನಿಂದ ದೂರ ಇಟ್ಟದ್ದು ತಪ್ಪು, ತಗೋ ಎಂದರು.

ವೈನಿ ಸೆರಗಿನಿಂದ ಕೈ ಹೊರಗೆ ತೆಗೆದಳು. ಕೂಸನ್ನು ಎತ್ತಿಕೊಂಡಳು. ಏಳು ತಿಂಗಳ ಕೂಸು ಆಕೆಯ ಮುಖವನ್ನು ಒಮ್ಮೆ ನೋಡಿತು, ತುಟಿ ಸೊಟ್ಟ ಮಾಡಿತು, ಆಮೇಲೆ ಕಿಟಾರನೆ ಕಿರುಚಿ ಅತ್ತೆಯ ಕಡೆ ಕೈ ಚಾಚಿತು. ವೈನಿ ಹೆಗಲಿಗೆ ಹಾಕಿಕೊಂಡು ತಟ್ಟಿದಳು, ಓಲಾಡಿದಳು, ಸಣ್ಣ ದನಿಯಲ್ಲಿ ಏನೋ ಹೇಳಿದಳು. ಅಳು ಏರುತ್ತಲೇ ಹೋಯಿತು. ಕಡೆಗೆ ಕೂಸನ್ನು ತಾನೇ ಅತ್ತೆಯ ಕೈಗೆ ಕೊಟ್ಟಳು. ತಕ್ಷಣ ಅಳು ನಿಂತಿತು. ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು. ಮೆಟ್ಟಿಲು ಇಳಿಯುವಾಗ ನಾನು ವೈನಿಗೆ ಬೈದೆ: ಯಾಕೆ ಕೊಟ್ಟೆ, ಅತ್ತರೆ ಅಳಲಿ, ನಿನ್ನ ಕೂಸು! "ಅಳಾಕತ್ತಿತ್ತಲ್ರಿ ಅಕ್ಕಾರ" ಎಂದಳು.

ಮನೆಗೆ ಬಂದ ಮೇಲೆ ಅತ್ತೆ ಸೊಸೆಗೆ ಒಂದು ಮಾತಾದರೂ ಹೇಳುತ್ತಾರೆ ಎಂದು ನಾನು ಮೂರ್ಖಳಂತೆ ಕಾದೆ. ತಪ್ಪಾಯಿತು ಎನ್ನುವುದು ಬೇಡ, ಊಟ ಮಾಡು ಬಾ ಎಂದರೂ ಸಾಕಿತ್ತು. ಅದರ ಬದಲು, ತಾವೇ ತಿಕ್ಕಿ ತೋರಿಸಿದ ಮೇಲೆಯೇ ಡಾಕ್ಟರಿಗೆ ತಿಳಿಯಿತು ಎಂದು ಓಣಿಯ ತುಂಬ ಹೇಳಿಕೊಂಡು ಬಂದರು! ನಾನು ಮಷೀನಿನ ಮುಂದೆ ಕೂತು ನಕ್ಕೆನೋ ಅತ್ತೆನೋ ನೆನಪಿಲ್ಲ. ಗುಳ್ಳೆ ಏಳುವುದು ನಿಂತಿತು. ಆದರೆ ಕೂಸಿಗೆ ಈಗ ತಮ್ಮದೇ ರೂಢಿ, ಯಾಕೆ ಸುಮ್ಮನೆ ಅಳಿಸಬೇಕು ಎಂದು ಅತ್ತೆ ತಮ್ಮ ಹತ್ತಿರವೇ ಮಲಗಿಸಿಕೊಂಡರು. ಪಡಸಾಲೆಯಲ್ಲಿ ಚೀಲಗಳು ಬರುತ್ತಲೇ ಇದ್ದವು. ಗಂಡ ತೂಕಕ್ಕೆ ಹೋಗಿ ಬರುತ್ತಲೇ ಇದ್ದ.

ಹುಡುಗಿಗೆ ಮಾತು ಬಂತು. ಅಜ್ಜಿಯನ್ನು ಅವ್ವ ಎಂದಳು. ತಾಯಿಯನ್ನು, ಊರೆಲ್ಲ ಕರೆದಂತೆ, ವೈನಿ ಎಂದಳು. ಕೇಳಿದವರು ಎಷ್ಟು ಚಂದ ಅಂತಾಳ ನೋಡ್ರಿ ಎಂದು ನಕ್ಕರು. ವೈನಿಯೂ ಸೆರಗು ಬಾಯಿಗೆ ಹಿಡಿದಳು. ಒಮ್ಮೆ ಮಾತ್ರ, ಹುಡುಗಿ ತೀರಾ ಸಣ್ಣವಳಿದ್ದಾಗ, ವೈನಿ ನಾನು ನಿನ್ನ ಅವ್ವ ಅಲ್ಲೇನು ಎಂದು ಕೇಳಿದಳಂತೆ. ಹುಡುಗಿ ಒಳಗೆ ಓಡಿಹೋಗಿ ಅಜ್ಜಿಯ ಸೀರೆ ಹಿಡಿದುಕೊಂಡು ನಿಂತಳಂತೆ. ಮತ್ತೆಂದೂ ಆಕೆ ಕೇಳಲಿಲ್ಲ. ಹುಡುಗಿ ಶಾಲೆಗೆ ಹೋಗುವ ವಯಸ್ಸಿಗೆ ಬೆನ್ನಿನ ಕಲೆ ಮಾಸಿತು, ಆಮೇಲೆ ಎಲ್ಲಿತ್ತು ಎಂದು ತಿಳಿಯದಂತೆ ಹೋಯಿತು. ಖಾರದ ಕೈಯ ಕಥೆ ಹೋಗಲಿಲ್ಲ. ಅಜ್ಜಿಯ ಬಾಯಲ್ಲಿ ಅದು ವರ್ಷದಿಂದ ವರ್ಷಕ್ಕೆ ಬೆಳೆಯಿತು; ರಾಣೆಬೆನ್ನೂರಿನ ಡಾಕ್ಟರು ಅದರಿಂದ ಮೆಲ್ಲಗೆ ಕಳಚಿ ಬಿದ್ದರು.

ಹೋದ ವರ್ಷ ವೈನಿ ಕಾಮಾಲೆಯಾಗಿ ತೀರಿಹೋದಳು. ಬೇಗ ಆಗಿಹೋಯಿತು, ಹೆಚ್ಚು ದಿನ ಯಾರಿಗೂ ತ್ರಾಸು ಕೊಡಲಿಲ್ಲ ಎಂದು ಜನ ಹೊಗಳಿದರು. ಬದುಕಿದ್ದಾಗಲೂ ಯಾರಿಗೆ ಕೊಟ್ಟಿದ್ದಳು? ದಿನಕರ್ಮದ ಊಟಕ್ಕೆ ಕರ್ಜಗಿಯಿಂದ ಅವರ ನೆಂಟರು ಬಂದಿದ್ದರು. ಅತ್ತೆ ಗೋಡೆಗೆ ಒರಗಿ ಕೂತು ಅವರಿಗೆ ಹೇಳುತ್ತಿದ್ದರು. "ಹೋದಾಕಿ ಭಾಳ ಒಳ್ಳೇಕಿ. ಕೂಸಿನ ಜ್ವಾಕಿ ಒಂದ ತಿಳೀತಿದ್ದಿಲ್ಲ ನೋಡ್ರಿ. ಖಾರದ ಕೈಲೆ ಬೆನ್ನ ಸುಟ್ಟಿದ್ಲು. ನಾ ಎತ್ಕೊಂಡು ದೊಡ್ಡಾಕಿನ್ನ ಮಾಡೇನಿ."

ನನ್ನ ಕೈಯಲ್ಲಿ ತುತ್ತಿತ್ತು. ಎಲೆಯ ಮೇಲೆ ಇಟ್ಟು ಎದ್ದು ನಿಂತೆ. ಸತ್ತವಳ ಮನೆಯಲ್ಲಿ, ಆಕೆಯ ಹೆಸರಿನ ಊಟದಲ್ಲಿ ಕೂತು ಇದನ್ನು ಕೇಳಬೇಕೇ? ಎಲ್ಲರ ಮುಂದೆ ಮೊದಲಿನಿಂದ ಕಡೆಯವರೆಗೆ ಹೇಳಿದೆ. ಐರಣಿಗೆ ಹೋದ ವಾರವನ್ನು, ಕೌದಿ ಸುಟ್ಟದ್ದನ್ನು, ಸಾಬೂನಿನಿಂದ ತೊಳೆದ ಕೈಯನ್ನು, ಒಂದು ಪದರದ ಜಂಪರನ್ನು, ಕೂಸು ಅತ್ತದ್ದನ್ನು, ಆಕೆಯೇ ತಿರುಗಿ ಕೊಟ್ಟದ್ದನ್ನು. ಊಟದ ಹೊತ್ತಿನಲ್ಲಿ ಯಾಕೆ ಬಿಡ್ರಿ ಎಂದು ಯಾರೋ ಅಂದರು. ಬಿಡಲಿಲ್ಲ. ಅತ್ತೆ ಕಣ್ಣು ಮುಚ್ಚಿಕೊಂಡು, ಹೋದವರ ಸುದ್ದಿ ಈಗ್ಯಾಕ ಎಂದರು. ಗಂಡ ಬಡಿಸುವ ಬುಟ್ಟಿ ಹಿಡಿದು ನಿಂತಲ್ಲೇ ನಿಂತಿದ್ದ. ಹುಡುಗಿ ಒಳಬಾಗಿಲಿನಲ್ಲಿ ನಿಂತು ಎಲ್ಲ ಕೇಳಿದಳು. ಆಕೆಯ ಮುಖ ನೋಡಿ ನನ್ನ ಬಾಯಿ ತಾನೇ ನಿಂತಿತು.

ಅವತ್ತಿನಿಂದ ಆ ಮನೆಯವರು ನನ್ನ ಜೊತೆ ಮಾತು ಬಿಟ್ಟರು. ಹುಡುಗಿಯೂ ಹಾವೇರಿಗೆ ಕಾಲೇಜಿಗೆ ಹೋಗಿ ಬರುವಾಗ ನಮ್ಮ ಬಾಗಿಲ ಮುಂದೆ ತಲೆ ತಗ್ಗಿಸಿ ಹೋಗುತ್ತಿದ್ದಳು. ಸಿಟ್ಟಾಗಿದ್ದಾಳೆ ಎಂದುಕೊಂಡೆ. ಆಗಲಿ, ಖರೇ ಮಾತಿಗೆ ಸಿಟ್ಟಾದರೆ ನಾನೇನು ಮಾಡಲಿ? ಮೊನ್ನೆ ನನ್ನ ಕೈ ಉರಿದ ದಿನವೇ ಸಂಜೆ ತಾನಾಗಿಯೇ ಬಂದಳು. ಮಷೀನಿನ ಹತ್ತಿರ ಸ್ಟೂಲಿನ ಮೇಲೆ ಕೂತಳು. ದಾರದ ಉಂಡೆ ಹಿಡಿದು ತಿರುಗಿಸತೊಡಗಿದಳು.

"ಮೌಶಿ, ಅವತ್ತ ನಾ ಅತ್ತಿದ್ದಿಲ್ಲ ಅಂದ್ರ, ಆಕಿ ನನ್ನ ಇಟ್ಕೊತಿದ್ಲೇನ್ರಿ?"

ನೀನು ಕೂಸಿದ್ದೆ, ನಿನ್ನ ತಪ್ಪಲ್ಲ ಎಂದೆ. ಅದನ್ನು ಆಕೆ ಕೇಳಿರಲಿಲ್ಲ. ಇಟ್ಕೊತಿದ್ಲು ಎಂದೆ. ತಲೆಯಾಡಿಸಿದಳು. ತಾನು ಒಂದು ಸಲವೂ ಆಕೆಯನ್ನು ಅವ್ವ ಎಂದು ಕರೆಯಲಿಲ್ಲ ಎಂದು ಹೇಳಿದಳು. ಆಕೆಯ ಕೈಯಿಂದ ಉಂಡೆ ತೆಗೆದುಕೊಂಡು ಬಿಚ್ಚಿದ ದಾರ ಸುತ್ತತೊಡಗಿದೆ... ಅತ್ತೆಗೆ ಈಗ ಕಣ್ಣು ಕಾಣುವುದಿಲ್ಲ, ಹಾಸಿಗೆ ಹಿಡಿದಿದ್ದಾರೆ. ಎಲ್ಲ ಈ ಹುಡುಗಿಯೇ ಮಾಡಬೇಕು. ಮಾಡುತ್ತಾಳೆ ಕೂಡ, ಪ್ರೀತಿಯಿಂದಲೇ. ಆ ಪ್ರೀತಿಗೂ ನನಗೆ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಯಿತು. ಊಟಕ್ಕೆ ಕೊಡುವ ಹೊತ್ತಾಯಿತು ಎಂದು ಎದ್ದು ಹೋದಳು.

ನಾನು ಕೂತಲ್ಲೇ ಇದ್ದೆ. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ತಾಟು ಇಟ್ಟ ಸಪ್ಪಳವಾಯಿತು. ದಿನಾ ಈ ಹೊತ್ತಿಗೆ ಅವ್ವಾ ಏಳು ಎಂದು ಮುದುಕಿಯನ್ನು ಎಬ್ಬಿಸುವ ದನಿ ಕೇಳಿ ನನಗೆ ಬಾಯಿಪಾಠವಾಗಿತ್ತು.

"ಅಜ್ಜೀ, ಏಳು. ಉಣ್ಣು" ಎಂದಳು ಹುಡುಗಿ.

ಆ ಮನೆಯಲ್ಲಿ ಅವ್ವ ಎಂದು ಕರೆದರೆ ಓಗೊಡಲು ಈಗ ಯಾರೂ ಇಲ್ಲ.